ಸಾವಿರ ಬೆಳ್ಳಿ ನಾಣ್ಯದ ಪಂದ್ಯ: ‘ಸ್ಪೈಸ್ ಆ್ಯಂಡ್ ವುಲ್ಫ್’ ನೋಡುವವರಿಗೆ ಒಂದಿಷ್ಟು ಲೆಕ್ಕ

ಫ್ಯಾಂಟಸಿ ಅನಿಮೆ (ಜಪಾನಿನ ಆ್ಯನಿಮೇಷನ್ ಸರಣಿ) ಅಂದರೆ ಕತ್ತಿ, ಮಂತ್ರ, ಡ್ರ್ಯಾಗನ್ ಅಂದುಕೊಂಡು ಕೂತವರಿಗೆ ಈ ಸರಣಿಯ ಮೊದಲ ಎರಡು ಕಂತು ಸಪ್ಪೆ ಅನ್ನಿಸಬಹುದು. ಇಲ್ಲಿನ ನಾಯಕ ಹಿಡಿಯುವುದು ಕತ್ತಿಯಲ್ಲ, ತಕ್ಕಡಿ. ಕ್ರಾಫ್ಟ್ ಲಾರೆನ್ಸ್‌ಗೆ 25 ವರ್ಷ. ಕುದುರೆ ಗಾಡಿಯಲ್ಲಿ ಊರೂರು ಸುತ್ತುವ ವ್ಯಾಪಾರಿ. ಬೆಟ್ಟದ ಹಳ್ಳಿಗೆ ಉಪ್ಪು ಕೊಟ್ಟು, ಬದಲಿಗೆ ತುಪ್ಪಳದ ಚರ್ಮ ಹೇರಿಕೊಂಡು ಬರುವವನು. ಪಾಸ್ಲೊ ಎಂಬ ಹಳ್ಳಿಯಲ್ಲಿ ಗೋಧಿ ಕೊಯ್ಲಿನ ಹೊತ್ತಿಗೆ ಅವನ ಗಾಡಿಯಲ್ಲಿ ಒಬ್ಬಳು ಹುಡುಗಿ ಮಲಗಿರುತ್ತಾಳೆ. ತಲೆಯ ಮೇಲೆ ತೋಳದ ಕಿವಿ, ಹಿಂದೆ ಬಾಲ. ಶತಮಾನಗಳಿಂದ ಆ ಊರಿನ ಬೆಳೆ ಕಾಯ್ದ ದೇವತೆ ಹೋಲೊ. ಊರವರು ತನ್ನನ್ನು ಮರೆತಿದ್ದಾರೆ, ಉತ್ತರದ ಯೋಯಿತ್ಸುಗೆ, ತವರಿಗೆ, ಹೋಗಬೇಕು ಅನ್ನುತ್ತಾಳೆ. ಮ್ಯಾಜಿಕ್ ಅಂತ ಇರುವುದು ಹೆಚ್ಚುಕಮ್ಮಿ ಇಷ್ಟೇ. ಉಳಿದದ್ದೆಲ್ಲ ದರ, ಉದ್ರಿ, ಸುಂಕ, ಮುಂಗಡ, ಮತ್ತು ಅವುಗಳ ಸಂದಿಯಲ್ಲಿ ನುಸುಳುವ ಹೊಟ್ಟೆಕಿಚ್ಚು.

ಯಾವುದನ್ನು ನೋಡಬೇಕು ಅನ್ನುವ ಗೊಂದಲ ಮೊದಲು ಬಗೆಹರಿಯಲಿ. ಇಸುನಾ ಹಸೆಕುರಾ ಬರೆದ ಲೈಟ್ ನಾವೆಲ್‌ಗಳ (ಚಿತ್ರಗಳಿರುವ ಜನಪ್ರಿಯ ಕಾದಂಬರಿಗಳ) ಮೊದಲ ಸಂಪುಟ ಜಪಾನಿನಲ್ಲಿ ಬಂದದ್ದು 2006ರಲ್ಲಿ. ಅದನ್ನು ಅನಿಮೆ ಮಾಡಿದ್ದು ಎರಡು ಸಲ. ಹಳೆಯದು 2008ರದು, ಇಮ್ಯಾಜಿನ್ ಸ್ಟುಡಿಯೊ ಮಾಡಿದ್ದು. ಅದರ ಎರಡನೇ ಸೀಸನ್ 2009ರಲ್ಲಿ ಬ್ರೇನ್ಸ್ ಬೇಸ್ ಕೈಯಿಂದ ಬಂತು. ಹೊಸದು 2024ರದು, ಪ್ಯಾಶನ್ ಸ್ಟುಡಿಯೊ ತಯಾರಿಸಿದ್ದು. ‘ಮರ್ಚೆಂಟ್ ಮೀಟ್ಸ್ ದ ವೈಸ್ ವುಲ್ಫ್’ ಅನ್ನುವ ಬಾಲವಿರುವುದು ಇದಕ್ಕೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 25 ಕಂತು, ಕತೆ ಮತ್ತೆ ಮೊದಲಿನಿಂದ ಶುರು. ಹಳೆಯ ನಿರ್ದೇಶಕ ತಾಕೆಓ ತಾಕಾಹಾಶಿ ಇಲ್ಲಿ ಮುಖ್ಯ ನಿರ್ದೇಶಕ. ದನಿಗಳೂ ಹಳೆಯವೇ: ಹೋಲೊಗೆ ಅಮಿ ಕೊಶಿಮಿಝು, ಲಾರೆನ್ಸ್‌ಗೆ ಜುನ್ ಫುಕುಯಾಮಾ. ಇಂಗ್ಲಿಷ್ ಡಬ್ಬಿಂಗ್‌ನ ಜೋಡಿ ಕೂಡ ವಾಪಸ್ ಬಂದಿದೆ. ಕ್ರಂಚಿರೋಲ್ ಎಂಬ ಅನಿಮೆ ಸ್ಟ್ರೀಮಿಂಗ್ ತಾಣದಲ್ಲಿ ಸಿಗುತ್ತದೆ. ಕನ್ನಡ ಸಬ್‌ಟೈಟಲ್ ಇಲ್ಲ.

ಹೊಸಬರು 2024ರದನ್ನೇ ಹಿಡಿಯಿರಿ. ವ್ಯಾಪಾರದ ಮಾತುಕತೆಯನ್ನು ಅದು ಕತ್ತರಿಸಿಲ್ಲ, ಹಳೆಯದು ಹಾರಿಸಿಬಿಟ್ಟಿದ್ದ ನಾಲ್ಕನೇ ಸಂಪುಟದ ಕತೆಯೂ ಇದರಲ್ಲಿದೆ. ಆದರೆ ಬಣ್ಣದ ವಿಷಯಕ್ಕೆ ಬಂದರೆ ಹಳೆಯದಕ್ಕೇ ಮಾರ್ಕು. 2008ರ ಮುಸ್ಸಂಜೆಗಳಲ್ಲಿ ಒಂದು ಕಂದು ಬೆಚ್ಚಗಿತ್ತು. ಹೊಸದರಲ್ಲಿ ಗೆರೆಗಳು ಶುಭ್ರ, ಬೆಳಕು ಮಾತ್ರ ಎಲ್ಲ ಕಡೆ ಒಂದೇ ಸಮ, ಟ್ಯೂಬ್‌ಲೈಟ್ ಹಾಕಿದ ಹಾಗೆ. ಕೆವಿನ್ ಪೆಂಕಿನ್ ಅವರ ಸಂಗೀತ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಕಂತು ಹಾಕಬೇಡಿ. ಗಾಡಿಯಲ್ಲಿ ಸಿಗುವ ಹೋಲೊ ಮೈಮೇಲೆ ಬಟ್ಟೆ ಇರುವುದಿಲ್ಲ.

ಈ ಎರಡು ಆವೃತ್ತಿಗಳ ನಡುವಿನ ದೊಡ್ಡ ವ್ಯತ್ಯಾಸ ಒಬ್ಬ ಪ್ರತಿಸ್ಪರ್ಧಿಯದೇ. 2008ರಲ್ಲಿ ಪಾಸ್ಲೊ ಹಳ್ಳಿಯಲ್ಲಿ ಕ್ಲೋಯಿ ಅನ್ನುವ ಹುಡುಗಿ ಇದ್ದಳು. ಲಾರೆನ್ಸ್‌ನಿಂದ ವ್ಯಾಪಾರ ಕಲಿತವಳು, ಅವನ ಮೇಲೆ ಮನಸ್ಸಿಟ್ಟವಳು, ಕೊನೆಗೆ ತಿರುಗಿ ಬೀಳುವವಳು. ಕಾದಂಬರಿಯಲ್ಲಿ ಅವಳಿಲ್ಲ. ಅಲ್ಲಿ ಇರುವುದು ಯಾರೇ ಎಂಬ ಗಂಡಸು, ಹಳ್ಳಿಯ ಪರವಾಗಿ ಗೋಧಿ ಮಾರಾಟದ ಮಾತುಕತೆ ಮಾಡುವವನು. 2024ರದು ಅವನನ್ನು ವಾಪಸ್ ತಂದಿದೆ. ಒಲವಿನ ಪೈಪೋಟಿಯೇ ಬೇಕು ಅನ್ನುವವರಿಗೆ ಕ್ಲೋಯಿ ಇಲ್ಲದ್ದು ನಷ್ಟ ಅನ್ನಿಸಬಹುದು. ಅದು ನಷ್ಟವಲ್ಲ. ಕ್ಲೋಯಿ ಕೈಕೊಟ್ಟರೆ ‘ಪಾಪ, ಹೊಟ್ಟೆಕಿಚ್ಚು’ ಅಂತ ಮುಂದೆ ಹೋಗಬಹುದು. ಈ ಯಾರೇ ಎಂಬವನು ಕೈಕೊಟ್ಟರೆ ಹಾಗೆ ಹೋಗುವಂತಿಲ್ಲ, ಯಾಕೆಂದರೆ ಅವನ ಲೆಕ್ಕ ಸರಿಯಾಗಿದೆ: ಗೋಧಿಯ ಮೇಲಿನ ಸುಂಕ ಹೋದರೆ ಹಳ್ಳಿಗೂ ಲಾಭ, ಗೋಧಿ ಕೊಳ್ಳುವ ಕಂಪನಿಗೂ ಲಾಭ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಈ ಸರಣಿಯ ಒಳ್ಳೆಯ ವೈರಿಗಳೆಲ್ಲ ಇಂಥವರೇ.

ಮೊದಲ ಕತೆ ನಡೆಯುವುದು ಪಾಟ್ಸಿಯೊ ಪಟ್ಟಣದಲ್ಲಿ, ವಿಷಯ ಟ್ರೆನ್ನಿ ಎಂಬ ಬೆಳ್ಳಿ ನಾಣ್ಯ. ಮುಂದೆ ಬರುವ ಹೊಸ ನಾಣ್ಯದಲ್ಲಿ ಬೆಳ್ಳಿ ಹೆಚ್ಚಿರುತ್ತದೆ ಅಂತ ಒಬ್ಬ ಹುಡುಗ ವ್ಯಾಪಾರಿ ಗುಟ್ಟು ಮಾರುತ್ತಾನೆ. ಹೋಲೊ ನಾಣ್ಯಗಳನ್ನು ಕುಲುಕಿ ಸದ್ದು ಕೇಳಿಯೇ ಹೇಳುತ್ತಾಳೆ, ಬೆಳ್ಳಿ ಏರುತ್ತಿಲ್ಲ, ಇಳಿಯುತ್ತಿದೆ. ಹೆಚ್ಚಿನವರು ಎಡವುವುದು ಇಲ್ಲೇ: ಬೆಳ್ಳಿ ಕಮ್ಮಿಯಾಗುವ ನಾಣ್ಯವನ್ನು ಯಾರಾದರೂ ಯಾಕೆ ಗುಡ್ಡೆ ಹಾಕಿಕೊಳ್ಳುತ್ತಾರೆ? ಕೈಲೆಕ್ಕ ಮಾಡಿ. ಹಳೆ ನಾಣ್ಯದಲ್ಲಿ 100ಕ್ಕೆ 90 ಪಾಲು ಬೆಳ್ಳಿ, ಹೊಸದರಲ್ಲಿ 75 ಅಂತಿಟ್ಟುಕೊಳ್ಳಿ. 100 ಹಳೆ ನಾಣ್ಯ ಕರಗಿಸಿದರೆ 120 ಹೊಸವು ಬರುತ್ತವೆ. ಖಜಾನೆಗೆ ಪುಕ್ಕಟೆ 20. ಹಾಗಾಗಿ ಸಾಲದಲ್ಲಿ ಮುಳುಗಿದ ರಾಜನಿಗೆ ಹಳೆ ನಾಣ್ಯ ಬೇಕೇ ಬೇಕು. ಮೊದಲು ರಾಶಿ ಹಾಕಿ ಅವನ ಬಾಗಿಲಿಗೆ ಹೋದ ಕಂಪನಿ ದುಡ್ಡಿನ ಬದಲು ವ್ಯಾಪಾರದ ವಿಶೇಷ ಹಕ್ಕು ಕೇಳಬಹುದು. ಇಂಗ್ಲೆಂಡಿನ ಎಂಟನೇ ಹೆನ್ರಿ 1544ರಿಂದ ನಾಣ್ಯದ ಬೆಳ್ಳಿ ಇಳಿಸುತ್ತ ಹೋದದ್ದು ಇದೇ ಬಾಬತ್ತಿನದು. ಇಷ್ಟು ತಲೆಯಲ್ಲಿದ್ದರೆ ಮಿಲೋನೆ ಮತ್ತು ಮೇದಿಯೊ ಕಂಪನಿಗಳು ಬೀದಿಯಲ್ಲಿ ಯಾಕೆ ಕಚ್ಚಾಡುತ್ತವೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸೇತುವೆ ಮೇಲೆ ಮೇಜು ಹಾಕಿಕೊಂಡು ಕೂತ ವೈಜ್ ಎಂಬ ನಾಣ್ಯ ವಿನಿಮಯದವನು ಹೋಲೊಳನ್ನು ಕಂಡು ಹಲ್ಲು ಕಿರಿಯುವುದು, ಲಾರೆನ್ಸ್ ಮುಖ ಸಿಂಡರಿಸುವುದು ಇಲ್ಲೇ. ಪ್ಯಾರಿಸ್ಸಿನ ಪೋಂಟ್ ಒ ಶಾಂಜ್ ಸೇತುವೆಗೆ ಹೆಸರು ಬಂದದ್ದೇ ಹೀಗೆ ಕೂರುತ್ತಿದ್ದ ವಿನಿಮಯದವರಿಂದ.

ಎರಡನೇ ಕತೆಯಲ್ಲಿ ಒಂದು ದೃಶ್ಯವಿದೆ, ವಾಪಸ್ ತಿರುಗಿಸಿ ನೋಡುವಂಥದ್ದು. ಲಾರೆನ್ಸ್ ಒಂದು ಅಂಗಡಿಯಲ್ಲಿ ಮೆಣಸು ತೂಗಿಸುತ್ತಿದ್ದಾನೆ. ತಕ್ಕಡಿಯ ಮುಳ್ಳು ಸರಿಯಾಗಿ ಗುರುತಿನ ಮೇಲಿದೆ, ಮಾತು ಮುಗಿಯುವುದರಲ್ಲಿದೆ. ಹೋಲೊ ತಲೆ ತಿರುಗುತ್ತಿದೆ ಅಂತಾಳೆ, ಮೇಜಿನ ಮೇಲೆ ದ್ರವ ಚೆಲ್ಲುತ್ತಾಳೆ. ಚೆಲ್ಲಿದ್ದು ನಾಲ್ಕು ಕಡೆ ಹರಡಬೇಕಾದದ್ದು ಒಂದೇ ಕಡೆಗೆ ಓಡುತ್ತದೆ. ಮೇಜೇ ಓರೆ. ಮೋಸ ಇರುವುದು ಕಲ್ಲಿನಲ್ಲೂ ಅಲ್ಲ, ತಟ್ಟೆಯಲ್ಲೂ ಅಲ್ಲ. ತಕ್ಕಡಿಯ ಕಂಬ ಮೇಜಿನ ಜತೆ ವಾಲಿದರೆ ಗುರುತೂ ಜತೆಗೆ ವಾಲುತ್ತದೆ. ಎರಡು ತಟ್ಟೆ ಸಮವಿಲ್ಲದಾಗಲೂ ಮುಳ್ಳು ಗುರುತಿಗೇ ಬಂದು ನಿಲ್ಲುತ್ತದೆ. ಮಂಡಿಯಲ್ಲಿ ತೂಕ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿಬಿದ್ದ ಅಂಗಡಿಯವನ ಜುಟ್ಟು ಕೈಗೆ ಬಂತು ಅಂತ ಲಾರೆನ್ಸ್ ಹಿಗ್ಗುತ್ತಾನೆ. ಮೆಣಸಿನ ಬೆಲೆಯಷ್ಟಕ್ಕೇ ನಿಲ್ಲದೆ ಉದ್ರಿ ಸೇರಿಸಿ ಅದರ ಎರಡರಷ್ಟು ಯುದ್ಧದ ಸಾಮಾನು ಎತ್ತುತ್ತಾನೆ. 100ರ ಬಂಡವಾಳದ ಮೇಲೆ 200ರ ಮಾಲು ಅನ್ನಿ. ಉತ್ತರದ ದಂಡಯಾತ್ರೆ ರದ್ದಾಗುತ್ತದೆ, ಕವಚ ಕೇಳುವವರಿಲ್ಲ. ಮಾಲಿನ ಬೆಲೆ 60ಕ್ಕೆ ಇಳಿದರೆ, 100 ಸಾಲ ತೀರಿಸಲು ಇನ್ನೂ 40 ಎಲ್ಲಿಂದ ತರುವುದು? ಸ್ವಂತ ದುಡ್ಡಿನಲ್ಲಷ್ಟೇ ಕೊಂಡಿದ್ದರೆ ಪೆಟ್ಟು ಬೀಳುತ್ತಿತ್ತು, ಆದರೆ ಸಾಲಗಾರನಾಗುತ್ತಿರಲಿಲ್ಲ. ಕಂತು ಇದನ್ನು ಹೇಳುವ ವೇಗ ಜಾಸ್ತಿ, ಮೊದಲ ಸಲಕ್ಕೆ ಕೈಗೆ ಸಿಗುವುದಿಲ್ಲ. ಅಲ್ಲಿಂದ ಮುಂದೆ ಹಣಕ್ಕಾಗಿ ಚಿನ್ನದ ಕಳ್ಳಸಾಗಣೆ. ಅದಕ್ಕೆ ಕುರಿ ಮಂದೆ ಬೇಕು, ಮಂದೆಗೆ ನೋರಾ ಬೇಕು. ನೋರಾ ಕುರಿ ಕಾಯುವ ಹುಡುಗಿ, ದರ್ಜಿ ಕೆಲಸ ಕಲಿಯುವ ಆಸೆ ಅವಳಿಗೆ. ಹೋಲೊಗೆ ಅವಳ ಮೇಲೆ ಕೋಪ ಎರಡು ಪಟ್ಟು. ಲಾರೆನ್ಸ್ ಅವಳ ಜತೆ ಮೆತ್ತಗೆ ಮಾತಾಡುತ್ತಾನೆ ಅನ್ನುವುದು ಒಂದು. ತಾನು ತೋಳ, ಅವಳು ಕುರುಬರ ಹುಡುಗಿ ಅನ್ನುವುದು ಇನ್ನೊಂದು. ಈ ಎರಡನೆಯದನ್ನು ಸರಣಿ ಚೆನ್ನಾಗಿ ದುಡಿಸಿಕೊಂಡಿದೆ. ನೋರಾಳ ಮನಸ್ಸಿನಲ್ಲಿ ಲಾರೆನ್ಸ್ ಬಗ್ಗೆ ನಿಜಕ್ಕೂ ಏನಿದೆ ಅನ್ನುವುದನ್ನು ಮಾತ್ರ ಅರ್ಧಕ್ಕೆ ಬಿಡುತ್ತದೆ.

ಕುಮೆರ್ಸುನ್ ಪಟ್ಟಣದ ಕತೆ ಬೇರೆಯೇ ಜಾತಿ. ಮೂರನೇ ಸಂಪುಟದ್ದು, 2009ರ ಸೀಸನ್ ಶುರುವಾಗುವುದೇ ಇದರಿಂದ. ಉಳಿದದ್ದು ನೋಡದಿದ್ದರೂ ಇದನ್ನು ನೋಡಿ ಅನ್ನಬಹುದಿತ್ತು, ಆದರೆ ಹಾಗೆ ನೋಡಿದರೆ ಕೆಲಸಕ್ಕೆ ಬಾರದು. ಹೋಲೊ ಮತ್ತು ಲಾರೆನ್ಸ್ ನಡುವಿನ ಸಾಲ ಎಷ್ಟು, ಯಾವುದರದ್ದು ಅಂತ ಗೊತ್ತಿಲ್ಲದೆ ಇಲ್ಲಿನ ಒಪ್ಪಂದಕ್ಕೆ ತೂಕವೇ ಇಲ್ಲ.

ಅಮಾತಿ ಮೀನು ಸಗಟು ವ್ಯಾಪಾರಿ. ಮೀಸೆ ಚಿಗುರದ ವಯಸ್ಸು, ಆದರೆ ಸ್ವಂತ ವ್ಯಾಪಾರ. ಲಾರೆನ್ಸ್ ಇರುವ ವರ್ತಕರ ಸಂಘಕ್ಕೇ ಸೇರಿದವನು. ಹಬ್ಬದ ಜನಜಂಗುಳಿಯಲ್ಲಿ ಇವರಿಗೆ ವಸತಿ ಮಾಡಿಸಿಕೊಡುತ್ತಾನೆ, ಹೋಲೊಗೆ ಮನಸೋಲುತ್ತಾನೆ. ಅವಳು ಸಾಲಕ್ಕೆ ಸಿಕ್ಕಿ ಈ ವ್ಯಾಪಾರಿಯ ಜತೆ ಅಲೆಯುತ್ತಿದ್ದಾಳೆ ಅನ್ನುವುದು ಅವನ ನಂಬಿಕೆ. ಹಾಗಾಗಿ ಸಂಘದ ಮಂದಿಯ ಎದುರಿಗೇ ಸವಾಲು ಹಾಕುತ್ತಾನೆ: ಗಡುವಿನೊಳಗೆ 1000 ಟ್ರೆನ್ನಿ ತಂದು ಅವಳ ಸಾಲ ತೀರಿಸುತ್ತೇನೆ, ಆಮೇಲೆ ಮದುವೆ ಕೇಳುತ್ತೇನೆ. ಲಾರೆನ್ಸ್ ಒಪ್ಪುತ್ತಾನೆ. ಅವನ ಲೆಕ್ಕ ಎರಡು ಕಾಲಿನ ಮೇಲೆ ನಿಂತಿದೆ. ಅಷ್ಟು ಹಣ ಅಷ್ಟು ಬೇಗ ಹುಟ್ಟುವುದಿಲ್ಲ. ಹುಟ್ಟಿದರೂ ಹೋಲೊ ಮದುವೆಗೆ ಒಪ್ಪುವುದಿಲ್ಲ, ಸಾವಿರ ನಾಣ್ಯ ಲಾರೆನ್ಸ್‌ಗೇ ಲಾಭ. ಆಮೇಲೆ ಒಂದು ರಾತ್ರಿಯಲ್ಲಿ ಎರಡೂ ಕಾಲು ಅಲ್ಲಾಡುತ್ತವೆ. ಅಮಾತಿ ಪೈರೈಟ್ ಎಂಬ ಹೊಳೆಯುವ ಕಲ್ಲಿನ ಸಂತೆಯಲ್ಲಿ ಹಣ ಮಾಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಯೋಯಿತ್ಸು ನಾಶವಾಗಿದೆ ಅನ್ನುವ ಐತಿಹ್ಯವನ್ನು ಲಾರೆನ್ಸ್ ತನ್ನಿಂದ ಮುಚ್ಚಿಟ್ಟಿದ್ದು ಹೋಲೊಗೆ ತಿಳಿಯುತ್ತದೆ. ಸಂಘದ ಮಂದಿಯೆಲ್ಲ ಸಾಕ್ಷಿಯಾದ ಈ ವ್ಯವಹಾರದಲ್ಲಿ ಹೋಲೊಳನ್ನು ಒಂದು ಮಾತು ಕೇಳಿದವರೇ ಇಲ್ಲ, ಗಮನಿಸಿ.

ಪೈರೈಟ್ ಅಂದರೆ ಕಾಗೆಬಂಗಾರ ಅಂತ ಅನುವಾದಿಸಿಕೊಳ್ಳಬೇಡಿ. ನಮ್ಮಲ್ಲಿ ಕಾಗೆಬಂಗಾರ ಅಂದರೆ ಅಭ್ರಕ, ಪದರ ಪದರವಾಗಿ ಏಳುವಂಥದ್ದು. ಪೈರೈಟ್ ಕಬ್ಬಿಣ ಮತ್ತು ಗಂಧಕದ ಖನಿಜ, ಕೆತ್ತಿಟ್ಟ ಪಗಡೆ ದಾಳದ ಹಾಗೆ ಘನಾಕಾರದಲ್ಲೇ ಬೆಳೆಯುತ್ತದೆ. ಮೋಸ್ ಮಾಪಕದಲ್ಲಿ ಗಡಸುತನ 6ರಿಂದ 6.5, ಚಿನ್ನದ್ದು 2.5ರಿಂದ 3. ತೂಕದಲ್ಲಂತೂ ಹತ್ತಿರವೂ ಬರುವುದಿಲ್ಲ: ಸಾಂದ್ರತೆ 5ರ ಸುಮಾರು, ಚಿನ್ನದ್ದು 19.3. ಬಿಳಿ ಬಿಲ್ಲೆಗೆ ಉಜ್ಜಿದರೆ ಹಸುರುಗಪ್ಪು ಗೆರೆ ಬೀಳುತ್ತದೆ. ಆದ್ದರಿಂದ ಕುಮೆರ್ಸುನ್‌ನ ವರ್ತಕರು ಇದನ್ನು ಚಿನ್ನ ಅಂತ ನಂಬಿ ಕೊಳ್ಳುತ್ತಿಲ್ಲ. ಭವಿಷ್ಯ ನುಡಿಯುವುದರ ನೆವದಲ್ಲಿ ಹುಟ್ಟಿದ ಹುಚ್ಚು. ನಿನ್ನೆಗಿಂತ ಇವತ್ತು ದರ ಹೆಚ್ಚು, ನಾಳೆ ಇನ್ನೂ ಹೆಚ್ಚು ಅನ್ನುವುದೊಂದೇ ಅದರ ಬೆಲೆಗೆ ಆಧಾರ. 1637ರಲ್ಲಿ ಡಚ್ಚರ ಟ್ಯುಲಿಪ್ ಗೆಡ್ಡೆಯ ದರ ಕುಸಿದಾಗಲೂ ಗೆಡ್ಡೆಯಲ್ಲಿ ಏನೂ ಬದಲಾಗಿರಲಿಲ್ಲ.

ಇನ್ನು ಲಾರೆನ್ಸ್ ಹೂಡುವ ಆಟ. 500 ಟ್ರೆನ್ನಿಯ ಪೈರೈಟನ್ನು ಇವತ್ತಿನ ದರಕ್ಕೇ ಅಮಾತಿಗೆ ಮಾರುತ್ತಾನೆ. ಹಣ ಈಗ, ಮಾಲು ಆಮೇಲೆ. ಮಾರುವಾಗ ಅವನ ಹತ್ತಿರ ಮಾಲೇ ಇಲ್ಲ. ಷೇರು ಪೇಟೆಯಲ್ಲಿ ಶಾರ್ಟ್ ಅನ್ನುವುದು ಈ ಜಾತಿಯದೇ. ಒಂದು ಕಲ್ಲಿಗೆ 10 ಅಂದುಕೊಳ್ಳಿ, 50 ಕಲ್ಲು ಕೊಡುವ ಮಾತು. ದರ 14 ಆದರೆ ಕಲ್ಲು ಹೊಂದಿಸಲು ಲಾರೆನ್ಸ್‌ಗೆ 700 ಬೇಕು, 200 ಕೈ ಬಿಟ್ಟಿತು, ಅಷ್ಟೂ ಅಮಾತಿಯ ಕಡೆಗೆ. ದರ 6ಕ್ಕೆ ಬಿದ್ದರೆ 300ರಲ್ಲಿ ಮುಗಿಯಿತು, ಉಳಿದ 200 ಲಾರೆನ್ಸ್‌ದು. ಏರಿದರೆ ಲಾಭ ತನಗೇ ಅನ್ನುವಾಗ ಅಮಾತಿ ಬೇಡ ಅನ್ನುವುದು ಕಷ್ಟ, ಅದರಲ್ಲೂ ಎದುರಿಗೆ ಕೂತಿರುವವನು ಹುಡುಗಿಯ ವಿಷಯದಲ್ಲಿ ಸೋತಂತೆ ಕಾಣುವಾಗ. ಅವನು ನೋಡದೆ ಹೋದದ್ದು ಬೇರೆ. ಗಡುವಿನ ಹೊತ್ತಿಗೆ ತೋರಿಸಬೇಕಾದದ್ದು 1000 ನಾಣ್ಯ, ಕಲ್ಲಲ್ಲ. ಕೈಯಲ್ಲಿದ್ದ ನಗದು ಈಗ ಕಾಗದವಾಗಿದೆ. ಉಳಿದ ಕಲ್ಲನ್ನು ನಾಣ್ಯ ಮಾಡಲು ಮಾರಲೇಬೇಕು, ಅವನಂಥ ದೊಡ್ಡ ಕುಳ ಮಾರಲು ಶುರು ಮಾಡಿದರೆ ದರ ಅವನ ಕೈಯಿಂದಲೇ ಇಳಿಯುತ್ತದೆ. ಬೇಗ ಮಾರಿದರೆ ಸಾವಿರ ತುಂಬುವುದಿಲ್ಲ, ತಡ ಮಾಡಿದರೆ ಕೊಳ್ಳುವವರು ಇರುತ್ತಾರೋ ಇಲ್ಲವೋ.

ಲಾರೆನ್ಸ್‌ನ ಕಷ್ಟ ಇದಕ್ಕಿಂತ ಕಮ್ಮಿಯಲ್ಲ. ದರ ತಾನಾಗಿ ಬೀಳುವುದಿಲ್ಲ, ಬೀಳಿಸಬೇಕು. ಬೀಳಿಸಲು ಒಮ್ಮೆಗೇ ಸುರಿಯುವಷ್ಟು ಕಲ್ಲು ಬೇಕು, ಸಂತೆಯಲ್ಲಿ ಕೊಳ್ಳಹೊರಟರೆ ದರ ಇನ್ನೂ ಏರುತ್ತದೆ. ಹಾಗಾಗಿ ಸಂತೆಯ ಹೊರಗೆ ಯಾರ ಹತ್ತಿರ ಪೈರೈಟ್ ಬಿದ್ದಿದೆ ಅಂತ ರಸವಾದಿಗಳ ಕೇರಿಯವರೆಗೂ ಹುಡುಕಾಟ. ಇಲ್ಲಿಂದ ಮುಂದೆ ಕತೆ ಹೇಳುವುದು ಪಾಪ. ಆದರೆ ಅಂಗಡಿ ಮುಂದೆ ದರ ತೂಗುಹಾಕಿದ ಮರದ ಹಲಗೆಗಳನ್ನು ಬಿಡದೆ ನೋಡಿ. ಆ ದೃಶ್ಯಗಳಲ್ಲಿ ಮುಖ ನೋಡಿ ಪ್ರಯೋಜನವಿಲ್ಲ, ಲಾರೆನ್ಸ್ ಎದೆ ಹೊಡೆದುಕೊಳ್ಳುವುದು ಆ ಹಲಗೆ ಬದಲಾದಾಗ. ಹೋಲೊ ಯಾರ ಪಕ್ಷ ಅನ್ನುವುದನ್ನು ಅವನು ಊಹಿಸಬೇಕಾದದ್ದೂ ಅದರಿಂದಲೇ. ಪ್ರೇಮದ ಅನುಮಾನವನ್ನು ದರದ ಏರಿಳಿತದಲ್ಲಿ ಇಷ್ಟು ನೇರವಾಗಿ ತೋರಿಸಿದ ಅನಿಮೆ ಇನ್ನೊಂದು ಹುಡುಕಬೇಕು.

ಕೊರತೆ ಇಲ್ಲವೆಂದಲ್ಲ. ಅಮಾತಿ ಒಂದು ತೂಕ ಕಮ್ಮಿ ಬೀಳುತ್ತಾನೆ. ಜಾಣ ಅನ್ನುತ್ತಾರೆ, ಆದರೆ ಆ ಜಾಣತನ ಕಾಣುವುದು ಇನ್ನೊಬ್ಬರ ಬಾಯಲ್ಲಿ. ಅವನು ಮೀನು ಕೊಳ್ಳುವುದನ್ನು, ಮಾರುವುದನ್ನು ಒಂದೆರಡು ನಿಮಿಷ ತೋರಿಸಿದ್ದರೆ ಪೈಪೋಟಿ ಸಮಬಲದ್ದಾಗುತ್ತಿತ್ತು. ಲಾರೆನ್ಸ್‌ನ ಮನಸ್ಸಿನ ಮಾತು ಕಾದಂಬರಿಯಲ್ಲಿ ಪುಟಗಟ್ಟಲೆ ಇದೆ. ತೆರೆಯಲ್ಲಿ ಅದು ಗಾಬರಿಯ ಮುಖವಾಗಿ ಉಳಿದಿದೆ. ಮಾಲಿಲ್ಲದೆ ಮಾರುವ ಒಪ್ಪಂದದ ಕರಾರು ಹೇಳುವ ಮಾತುಗಳು ಸಬ್‌ಟೈಟಲ್‌ನಲ್ಲಿ ಎರಡು ಸಾಲಿಗೊಮ್ಮೆ ಓಡುತ್ತವೆ. ಅಲ್ಲಿ ನಿಲ್ಲಿಸಿ, ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಂಡು ಮುಂದೆ ಹೋಗಿ: ಯಾರ ಹತ್ತಿರ ನಗದು, ಯಾರ ಹತ್ತಿರ ಕಲ್ಲು, ಯಾರಿಗೆ ಯಾವಾಗ ಏನು ಕೊಡಬೇಕು. ಕಾದಂಬರಿ ಓದುವ ತಾಳ್ಮೆ ಇದ್ದರೆ ಯೆನ್ ಪ್ರೆಸ್ ತಂದ ಇಂಗ್ಲಿಷ್ ಅನುವಾದವಿದೆ, ಈ ಕತೆಗೆ ಮೂರನೇ ಸಂಪುಟ.

ದನಿ ಮಾತ್ರ ಜಪಾನಿಯದೇ ಇರಲಿ. ಹೋಲೊ ತನ್ನನ್ನು ‘ವಚ್ಚಿ’ ಅಂತಾಳೆ, ಎದುರಿನವನನ್ನು ‘ನುಶಿ’. ಹಳೆಗಾಲದ ಗಣಿಕೆಯರ ಕೇರಿಯ ಮಾತಿನ ವಾಸನೆ ಒಂದು ಕಡೆ, ಅಜ್ಜಿಯ ಗತ್ತು ಇನ್ನೊಂದು ಕಡೆ. ಇಂಗ್ಲಿಷ್ ಸಾಲುಗಳಲ್ಲಿ ಅದು ಬರಿ ಹಳೆ ಇಂಗ್ಲಿಷ್ ಆಗಿ ನಿಲ್ಲುತ್ತದೆ. ‘ಏನೋ ಮರಿ, ಇಷ್ಟೂ ತಿಳಿಯಲಿಲ್ವೇನೋ’ ಅನ್ನುವ ಕನ್ನಡದ ಅಜ್ಜಿ ಇದಕ್ಕೆ ಹತ್ತಿರ. ಯಾರಾದರೂ ಕನ್ನಡಕ್ಕೆ ಸಬ್‌ಟೈಟಲ್ ಮಾಡಿದರೆ ಅಲ್ಲಿಂದ ಶುರು ಮಾಡಬಹುದು. ಲಾರೆನ್ಸ್ ಪೆಚ್ಚಾದಾಗಲೆಲ್ಲ ಕೊಶಿಮಿಝು ಅವರ ದನಿ ಒಂದು ಎಳೆ ಕೆಳಗಿಳಿಯುತ್ತದೆ, ಕುಮೆರ್ಸುನ್‌ನ ಜಗಳದ ರಾತ್ರಿಯಲ್ಲಿ ಆ ಆಟದ ದನಿಯೇ ಮಾಯ. ಹೆಡ್‌ಫೋನ್ ಹಾಕಿಕೊಂಡರೆ ಗೊತ್ತಾಗುತ್ತದೆ.

ಕುಮೆರ್ಸುನ್ ಮುಗಿದ ಮೇಲಿನ ತೆರೆಓ ಹಳ್ಳಿಯ ಕತೆ ನಿಧಾನದ್ದು. ಗೋಧಿ ಒಪ್ಪಂದ, ವಿಷ ಬೆರೆತ ಹಿಟ್ಟು, ಚರ್ಚಿನ ಹುಡುಗಿ ಎಲ್ಸಾ. ಪೈರೈಟ್ ಸಂತೆಯ ಬಿಸಿಯಲ್ಲಿ ಅದನ್ನು ಒಟ್ಟಿಗೆ ನೋಡಿದರೆ ಆಕಳಿಕೆ ಖಂಡಿತ. ಒಂದು ವಾರ ಬಿಟ್ಟು ನೋಡಿ.